ವಿಭೂತಿಯ ಮೊಹರು

ಸೋಪಿನ ಗುಳ್ಳೆ ನನ್ನ ಕಣ್ಣೆದುರೇ ಊದಿಕೊಳ್ಳತೊಡಗಿತು. ಮೊದಲು ಕಡಲೆಕಾಳಿನಷ್ಟಿತ್ತು, ಆಮೇಲೆ ನಿಂಬೆಹಣ್ಣಿನಷ್ಟಾಯಿತು. ನಾನು ಬೆರಳು ಮಾಡಿ ತೋರಿಸುವಷ್ಟರಲ್ಲಿ ಒಡೆದು ಕನ್ನಡಕದ ಮೇಲೆ ಸಿಡಿಯಿತು.

"ಇನ್ನೊಂದು ಸಲ ಆನ್ ಮಾಡಿ," ಎಂದೆ ಇಂಗ್ಲಿಷಿನಲ್ಲಿ.

ಶೆಡ್ಡಿನ ಮಾಲೀಕ ವ್ಯಾಕ್ಯೂಮ್ ಕ್ಲೀನರಿನ ಸ್ವಿಚ್ಚು ಒತ್ತಿದ. ಫುಲ್‌ಶೀರ್ ಎಂಬ ಹ್ಯೂಸ್ಟನ್ ಹತ್ತಿರದ ಊರಿನ ಕಡೆ ದನ ಸಾಕಿಕೊಂಡಿರುವ ಮುದುಕ. ಆ ಯಂತ್ರವನ್ನು ಗಾಳಿ ಎಳೆಯುವ ಬದಲು ಊದುವ ಹಾಗೆ ಜೋಡಿಸಿ, ವಿಮಾನದ ಹೊಗೆ ಕೊಳವೆಗೆ ಸಿಕ್ಕಿಸಿದ್ದೆ. ಐವತ್ತಾರು ವರ್ಷದ ಹೆಂಗಸು ತನ್ನ ಶೆಡ್ಡಿನ ನೆಲದಲ್ಲಿ ಅಂಗಾತ ಮಲಗಿ ಸೋಪಿನ ಗುಳ್ಳೆ ಆಡುವುದನ್ನು ಅವನು ಹಿಂದೆ ಕಂಡಿರಲಾರ. ಅವನ ಮುಖ ನೋಡಿದರೆ ಪೊಲೀಸರಿಗೆ ಫೋನ್ ಮಾಡುವುದೋ, ಆಂಬುಲೆನ್ಸಿಗೋ ಎಂದು ಯೋಚಿಸುತ್ತಿದ್ದ ಹಾಗಿತ್ತು.

ಮತ್ತೆ ಗುಳ್ಳೆ ಬಂತು. ಈ ಸಲ ಇನ್ನೂ ದೊಡ್ಡದು.

ಶನಿವಾರ ಬೆಳಗ್ಗೆ ಉತ್ತರ ಟೆಕ್ಸಸ್ಸಿನ ಮೆಕಿನ್ನಿಯಿಂದ ಹೊರಟ, ಈಗ ಈ ಶೆಡ್ಡಿಗೆ ಎಳೆದು ತಂದಿರುವ ನಾಲ್ಕು ಸೀಟಿನ ವಿಮಾನ, ಇದೇ ಮುದುಕನ ಹುಲ್ಲುಗಾವಲಿಗೆ ಇಳಿದು, ಬೇಲಿ ಮುರಿದು, ದನಗಳ ನೀರಿನ ತೊಟ್ಟಿಗೆ ಮೂತಿ ತಾಗಿಸಿ ನಿಂತಿತ್ತು. ಒಳಗೆ ಒಬ್ಬನೇ ಇದ್ದ ಪ್ರಭಂಜನನಿಗೆ ಪ್ರಜ್ಞೆ ಇರಲಿಲ್ಲ, ಅವನ ರಕ್ತದ ತುಂಬ ಕಾರ್ಬನ್ ಮಾನಾಕ್ಸೈಡ್ ಇತ್ತು. ಇವತ್ತು ಮಂಗಳವಾರ. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಅವನು ಇನ್ನೂ ಕಣ್ಣು ಬಿಟ್ಟಿಲ್ಲ.

ಇಂಥ ಸಣ್ಣ ವಿಮಾನದ ಹೀಟರ್ ಬಹಳ ಸರಳವಾದದ್ದು. ಎಂಜಿನ್ನಿನ ಬಿಸಿ ಹೊಗೆ ಮಫ್ಲರ್ ಎಂಬ ಉಕ್ಕಿನ ಡಬ್ಬಿಯ ಮೂಲಕ ಹಾದು ಆಚೆ ಹೋಗುತ್ತದೆ. ಆ ಡಬ್ಬಿಯ ಸುತ್ತ ತಗಡಿನ ಮುಚ್ಚಳ. ಎರಡರ ನಡುವೆ ಹೊರಗಿನ ತಣ್ಣನೆ ಗಾಳಿ ನುಗ್ಗಿ, ಬಿಸಿಯಾಗಿ, ಕೊಳವೆಯಲ್ಲಿ ಕಾಕ್‌ಪಿಟ್ಟಿಗೆ ಬರುತ್ತದೆ. ಡಬ್ಬಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೂ ಸಾಕು, ಬೆಚ್ಚನೆ ಗಾಳಿಯ ಜೊತೆ ವಿಷವೂ ಒಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ಸ್ವಲ್ಪ ತಲೆನೋವು, ಆಮೇಲೆ ಹಿತವಾದ ನಿದ್ದೆ.

ಮಫ್ಲರ್ ಗಟ್ಟಿಯಾಗಿದ್ದರೆ, ಹೊಗೆ ಕೊಳವೆಗೆ ಊದಿದ ಗಾಳಿ ಹೀಟರ್ ಕೊಳವೆಯ ಬಾಯಲ್ಲಿ ಬರಲೇಕೂಡದು. ಸೋಪಿನ ನೀರು ಸವರಿದ ಆ ಬಾಯಲ್ಲಿ ನನ್ನ ಗುಳ್ಳೆ ನಿಂಬೆಹಣ್ಣಿನಷ್ಟಾಗಿತ್ತು. ಮುಚ್ಚಳದೊಳಗಿನ ಡಬ್ಬಿ ಸೀಳಿದೆ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

"ಸಾಕು, ಆಫ್ ಮಾಡಿ," ಎಂದು ಎದ್ದು ಕೂತೆ. ಬಾಯಿಗೊಂದು ಲವಂಗ ಹಾಕಿಕೊಂಡೆ. ಮೂರು ದಿನದಿಂದ ಕೂತರೆ ನಿಲ್ಲೋಣ ಅನ್ನಿಸುತ್ತಿತ್ತು, ನಿಂತರೆ ಹೊರಡೋಣ ಅನ್ನಿಸುತ್ತಿತ್ತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ವಿಮಾನದ ಎಂಜಿನ್ ತಪಾಸಣೆ ಮಾಡಿ, ಇಲ್ಲಿಗೆ ಬಂದು ಪತ್ತೇದಾರಿಕೆಯ ಲೈಸೆನ್ಸ್ ತೆಗೆದುಕೊಂಡವಳು ನಾನು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿದವಳು.

ಷೆರಿಫ್ ಕಚೇರಿಯ ಅಧಿಕಾರಿ ನಂಬಿದ್ದು ಬೇರೆ. ಕಾಕ್‌ಪಿಟ್ಟಿನಲ್ಲಿ ಈ ವಿಷಗಾಳಿ ಬಂದರೆ ಕಿರುಚುವ ಅಂಗೈಯಗಲದ ಅಲಾರಂ ಒಂದಿತ್ತು. ಅದರಲ್ಲಿ ಬ್ಯಾಟರಿ ಇರಲಿಲ್ಲ. ಬ್ಯಾಟರಿ ಸಿಕ್ಕಿದ್ದು ಪ್ರಭಂಜನನ ಹೆಡ್‌ಸೆಟ್ ಚೀಲದ ಪಕ್ಕದ ಜೇಬಿನಲ್ಲಿ. "ಅಲಾರಂ ಬಾಯಿ ಮುಚ್ಚಿಸಿ, ಹೀಟರ್ ಹಾಕಿಕೊಂಡು ಹೋಗಿದ್ದಾನೆ. ಇದಕ್ಕೆ ಇನ್ನೇನು ಹೆಸರು?" ಎಂದು ಅವನು ಕೇಳಿದ್ದ. ಇವತ್ತು ಸಂಜೆ ವರದಿ ಸಹಿಯಾಗುತ್ತದೆ. ಆತ್ಮಹತ್ಯೆಯ ಪ್ರಯತ್ನ ಎಂದು ಒಮ್ಮೆ ಕಾಗದದ ಮೇಲೆ ಬಿದ್ದರೆ ಪ್ರಭಂಜನ ಮತ್ತೆ ವಿಮಾನ ಮುಟ್ಟುವ ಹಾಗಿಲ್ಲ. ಅದು ಹೋಗಲಿ ಎಂದರೂ, ಉಳಿದ ಬದುಕಿಡೀ ನೋಡಿದವರೆಲ್ಲ ಅವನನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಅವನ ಹೆಂಡತಿ ಅನನ್ಯಾ ನನ್ನನ್ನು ಕರೆದದ್ದು ಅದಕ್ಕೇ. "ಆಂಟಿ, ಅವರು ಕಣ್ಣು ಬಿಟ್ಟಾಗ, ನೀವು ಸಾಯೋಕೆ ಹೊರಟಿದ್ರಿ ಅಂತ ಬರೆದಿದಾರೆ ಅಂತ ನಾನು ಹೇಗೆ ಹೇಳ್ಲಿ? ಅವರು ಅಂಥೋರಲ್ಲ," ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಎಂಜಿನ್ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಅವಳು. ಶನಿವಾರ ಫುಲ್‌ಶೀರ್‌ನ ಸ್ನೇಹಿತರ ಮನೆಯ ಹಬ್ಬದೂಟಕ್ಕೆ ಪಾತ್ರೆ ಪಡಗ ತುಂಬಿಕೊಂಡು ಕಾರಿನಲ್ಲಿ ಮುಂಚೆಯೇ ಬಂದಿದ್ದಳು, ಇವನು ವಿಮಾನದಲ್ಲಿ ಬರುವುದೆಂದಾಗಿತ್ತು. ಅವಳ ಅಂಗೈ ಬೆವರಿತ್ತು. ನನಗೆ ನನ್ನ ತಂಗಿಯ ನೆನಪಾಗಿತ್ತು.

ಟಾರ್ಚ್ ಹಿಡಿದು ಮತ್ತೆ ಎಂಜಿನ್ನಿನ ಕೆಳಗೆ ತೂರಿಕೊಂಡೆ. ಏನನ್ನೂ ಬಿಚ್ಚಕೂಡದು ಎಂದು ಅಧಿಕಾರಿಯ ಅಪ್ಪಣೆಯಾಗಿತ್ತು. ಹೀಟರ್ ಕೊಳವೆ ಬಡಿತಕ್ಕೆ ತಾನಾಗಿ ಕಳಚಿದ್ದರಿಂದ ನನ್ನ ಗುಳ್ಳೆಯಾಟ ನಡೆದಿತ್ತು. ಮುಚ್ಚಳವನ್ನು ಕಣ್ಣಿನಿಂದ ಮಾತ್ರ ನೋಡಬಹುದಿತ್ತು.

ನೋಡಿದೆ.

ತಗಡಿನ ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆ. ನಡುವೆ ಕುಂಕುಮದ ಬೊಟ್ಟು, ಕೆಂಪಗೆ. ಮೂರನೆಯ ಗೆರೆ ಕೊನೆಯಲ್ಲಿ ಕೆಳಗೆ ಜಾರಿತ್ತು.

ಫೋನ್ ತೆಗೆದು, ಹಿಂದಿನ ದಿನ ಅನನ್ಯಾ ಕಳಿಸಿದ್ದ ಆಯುಧಪೂಜೆಯ ಫೋಟೋ ತೆರೆದೆ. ಅಕ್ಟೋಬರಿನಲ್ಲಿ ಮೆಕಿನ್ನಿಯ ಹ್ಯಾಂಗರಿನಲ್ಲಿ ತೆಗೆದದ್ದು. ಬಾನೆಟ್ ಬಿಚ್ಚಿದ ಎಂಜಿನ್ನಿನ ಮುಂದೆ ಸುಶೀಲಮ್ಮ ನಿಂತಿದ್ದಾರೆ. ಅವರು ಶ್ರೀಶೈಲ್‌ನ ತಾಯಿ, ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದವರು, ಹಬ್ಬದೂಟಗಳಲ್ಲಿ ನನಗೆ ಪರಿಚಯವಾದವರು. ಶ್ರೀಶೈಲ್ ಈ ವಿಮಾನದ ಅರ್ಧ ಒಡೆಯ, ಪ್ರಭಂಜನನ ಗೆಳೆಯ, ಸಾಫ್ಟ್‌ವೇರ್ ಕೆಲಸದ ಜೊತೆಗೆ ವಿಮಾನ ರಿಪೇರಿಯ ಲೈಸೆನ್ಸ್ ಪಡೆದವನು. ಫೋಟೋದಲ್ಲಿ ಸುಶೀಲಮ್ಮನ ಮೂರು ಬೆರಳು ಅದೇ ಮುಚ್ಚಳದ ಮೇಲಿದ್ದವು. ಅವರ ಉಂಗುರದ ಬೆರಳು ಸೊಟ್ಟ. ಅವರೆಳೆದ ಮೂರನೆಯ ಗೆರೆ ಯಾವಾಗಲೂ ಕೊನೆಯಲ್ಲಿ ಜಾರುತ್ತದೆ.

ಹಿಂದೆ ಪ್ರಭಂಜನ ನಿಂತು ನಗುತ್ತಿದ್ದ. ಸಾಂಬ್ರಾಣಿ ಹೊಗೆ ಅವನ ಮುಖದ ತನಕ ಎದ್ದಿತ್ತು. ಒಂದು ಕೈಯಲ್ಲಿ ಆ ಅಲಾರಂ, ಇನ್ನೊಂದು ಕೈಯಲ್ಲಿ ಅದರ ಬ್ಯಾಟರಿ.

ನಾನು ಜೋರಾಗಿಯೇ ನಕ್ಕುಬಿಟ್ಟೆ. ಶೆಡ್ಡಿನ ಮುದುಕ ಎರಡು ಹೆಜ್ಜೆ ಹಿಂದೆ ಸರಿದ. ಇದ್ದಿಲ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದರೆ ಬರುವುದೂ ಇದೇ ವಿಷಗಾಳಿ, ಅಲಾರಂ ಕಿರುಚದೆ ಇನ್ನೇನು ಮಾಡುತ್ತದೆ! ಪೂಜೆ ನಡೆಯಲಿ ಎಂದು ಬ್ಯಾಟರಿ ಕಿತ್ತಿದ್ದಾನೆ, ಚೀಲಕ್ಕೆ ಹಾಕಿಕೊಂಡಿದ್ದಾನೆ, ಮರೆತಿದ್ದಾನೆ. ಟೆಕ್ಸಸ್ಸಿನ ಸೆಕೆಗೆ ಜನವರಿಯ ತನಕ ಹೀಟರ್ ಮುಟ್ಟುವ ಪ್ರಸಂಗವೇ ಬಂದಿರಲಿಕ್ಕಿಲ್ಲ. ಷೆರಿಫ್ ಕಚೇರಿ ಕಳಿಸಿದ್ದ ಚಿತ್ರದಲ್ಲಿ ಬ್ಯಾಟರಿಯ ಮೇಲೆ ಬಿಳಿ ಪುಡಿ ಇತ್ತು. ಏನೋ ರಾಸಾಯನಿಕ ಸೋರಿರಬೇಕು ಎಂದು ಅವರು ಟಿಪ್ಪಣಿ ಬರೆದಿದ್ದರು. ಸೋರಿಕೆಯೂ ಇಲ್ಲ, ಮಣ್ಣೂ ಇಲ್ಲ. ಅದು ವಿಭೂತಿ!

ಹಾಗಾದರೆ ಪ್ರಭಂಜನ ಸಾಯಲು ಹೊರಟವನಲ್ಲ.

ಆ ಸಂತೋಷದಲ್ಲೇ ಇನ್ನೊಂದು ಕಂಡಿತು. ಮುಚ್ಚಳವನ್ನು ಬಿಗಿದಿದ್ದ ಸ್ಕ್ರೂಗಳ ತಲೆಯ ಮೇಲೂ ವಿಭೂತಿ ಮೆತ್ತಿತ್ತು. ಸ್ಕ್ರೂಡ್ರೈವರ್ ಕೂರುವ ಸೀಳಿನೊಳಗೆ ಒಣಗಿ ಗಟ್ಟಿಯಾಗಿತ್ತು. ಒಂದು ಕಣವೂ ಅಲುಗಿರಲಿಲ್ಲ.

ಲಾಗ್ ಬುಕ್ಕಿನ ಪುಟ ನನಗೆ ಬಾಯಿಪಾಠವಾಗಿತ್ತು. ಡಿಸೆಂಬರ್ ಆರು: ವಾರ್ಷಿಕ ತಪಾಸಣೆ, ಹೀಟರ್ ಮುಚ್ಚಳ ಬಿಚ್ಚಲಾಯಿತು, ಹಳೆಯ ಮಫ್ಲರ್ ತೆಗೆದು ಹೊಸದು ಹಾಕಲಾಯಿತು. ಸಹಿ, ಶ್ರೀಶೈಲ್.

ಅಕ್ಟೋಬರಿನಲ್ಲಿ ಹಚ್ಚಿದ ವಿಭೂತಿ ಜನವರಿಯಲ್ಲಿ ಹಾಗೇ ಇದ್ದರೆ ಡಿಸೆಂಬರಿನಲ್ಲಿ ಆ ಸ್ಕ್ರೂ ಬಿಚ್ಚಿದವರು ಯಾರು? ಯಾರೂ ಇಲ್ಲ. ಬಿಚ್ಚದೆಯೇ ಬರೆದಿದ್ದಾನೆ, ಹಾಕದೆಯೇ ಹಾಕಿದೆನೆಂದು ಸಹಿ ಮಾಡಿದ್ದಾನೆ. ತಾಯಿ ಹಚ್ಚಿದ ವಿಭೂತಿ ಮಗನ ಸುಳ್ಳಿನ ಮೇಲೆ ಮೊಹರಿನಂತೆ ಕೂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ನೋಡುವ ಅರ್ಧ ದಿನದ ಕೆಲಸ, ಅಷ್ಟಕ್ಕೂ ಸೋಮಾರಿತನವೇ?

ಶೆಡ್ಡಿನ ಆಚೆ ಬಂದು ಅನನ್ಯಾಗೆ ಫೋನ್ ಮಾಡಿದೆ. ಚಳಿಗಾಳಿ ಕಿವಿ ಕತ್ತರಿಸುತ್ತಿತ್ತು.

"ಅನನ್ಯಾ, ಕೇಳು. ಪ್ರಭಂಜನ ಬೇಕೂಂತ ಮಾಡ್ಕೊಂಡಿದ್ದಲ್ಲ. ಬ್ಯಾಟರಿ ತೆಗೆದಿದ್ದು ಆಯುಧಪೂಜೆ ದಿನ. ಸಾಂಬ್ರಾಣಿ ಹೊಗೆಗೆ ಅಲಾರಂ ಕೂಗ್ಕೊಳ್ತಿತ್ತು ಅಂತ."

ಆ ಕಡೆ ಬಿಕ್ಕಿದ ಸದ್ದು. "ದೇವರು ದೊಡ್ಡೋನು ಆಂಟಿ."

"ಮಫ್ಲರ್ ಸೀಳಿದೆ. ಅದನ್ನ ಬದಲಾಯಿಸೇ ಇಲ್ಲ ಅನ್ನೋಕೆ ನನ್ನ ಹತ್ರ ಸಾಕ್ಷಿ ಇದೆ. ಈಗಲೇ ಹೊರಟೆ."

"ಶ್ರೀಶೈಲ್ ಹೀಗೆ ಮಾಡ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ," ಎಂದಳು ಅನನ್ಯಾ. "ಅವರು ಒಪ್ಕೊಂಡ ತಕ್ಷಣ ನಂಗೆ ಫೋನ್ ಮಾಡಿ ಆಂಟಿ. ಪ್ಲೀಸ್."

ಮಾಡುತ್ತೇನೆ ಎಂದು ಕಾರು ಹತ್ತಿದೆ.

ಶ್ರೀಶೈಲ್ ಇರುವ ಆಸ್ಟಿನ್ನಿಗೆ ಎರಡೂಕಾಲು ಗಂಟೆಯ ದಾರಿ. ಎಲ್ಲೂ ನಿಲ್ಲಿಸಲಿಲ್ಲ, ಕಾಫಿಗೂ ಇಳಿಯಲಿಲ್ಲ. ಬಾಯಲ್ಲಿ ಲವಂಗ ಕಡಿಯುತ್ತ, ಎದುರಿಗಿದ್ದ ಟ್ರಕ್ಕುಗಳನ್ನೆಲ್ಲ ಬೈಯುತ್ತ ಓಡಿಸಿದೆ. ಶ್ರೀಶೈಲ್‌ಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಕೆಡವಿದೆ, ಮತ್ತೆ ಜೋಡಿಸಿದೆ. ಯಾಕೋ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಹಸಿವಿರಬೇಕು ಎಂದುಕೊಂಡೆ.

ಆಸ್ಟಿನ್ನಿನ ಉತ್ತರ ಭಾಗದಲ್ಲಿ ಶ್ರೀಶೈಲ್‌ನ ಮನೆ. ಬಾಗಿಲು ತೆರೆದವನ ಕೊರಳಲ್ಲಿ ಆಫೀಸ್ ಮೀಟಿಂಗಿನ ಹೆಡ್‌ಫೋನ್ ನೇತಾಡುತ್ತಿತ್ತು. ಮೂರು ದಿನದ ಗಡ್ಡ ಬೆಳೆದಿತ್ತು.

"ಬರ್ರಿ ಮೇಡಂ. ಪ್ರಭಂಜನ ಹೆಂಗದಾನ್ರಿ? ಕಣ್ಣ ಬಿಟ್ನೇನು?"

"ಇನ್ನೂ ಇಲ್ಲ."

ಒಳಗಿನಿಂದ ಸುಶೀಲಮ್ಮ ಇಣುಕಿದರು. ಹಣೆಯ ಮೇಲೆ ಮೂರು ಗೆರೆ, ಮೂರನೆಯದು ಜಾರಿದ್ದು. "ಬರ್ರಿ ಗೋದಾವರಿ ಅವ್ರ, ಕುಂದರ್ರಿ. ಮಾರಿ ಎಷ್ಟ್ ಬಾಡೇತ್ರಿ! ತಡೀರಿ, ಚಹಾ ಮಾಡ್ಕೊಂಡ ಬರ್ತೀನಿ."

ಅವರು ಅಡುಗೆಮನೆಗೆ ಹೋದರು. ನಾನು ಕೂರಲಿಲ್ಲ.

"ಶ್ರೀಶೈಲ್, ಡಿಸೆಂಬರ್ ಆರನೇ ತಾರೀಖು ಏನ್ ಮಾಡಿದ್ರಿ?"

"ವರ್ಷದ ತಪಾಸಣೆ ಮಾಡಿದೆ. ಹೀಟರ್ ಮುಚ್ಚಳ ಬಿಚ್ಚಿದೆ. ಮಫ್ಲರ್‌ನಾಗ ಸೀಳು ಬಿಟ್ಟಿತ್ತು, ಹೊಸಾದು ಹಾಕಿದೆ. ಲಾಗ್ ಬುಕ್‌ನಾಗ ಬರದೇನಲ್ರಿ."

"ಬರೆದಿದ್ದು ನೋಡ್ದೆ. ಬಿಚ್ಚಿದ್ದು ಕಾಣ್ಲಿಲ್ಲ."

"ಅಂದ್ರ?"

"ಅಂದ್ರೆ ನೀವು ಹ್ಯಾಂಗರಲ್ಲಿ ಕೂತು ಪೆನ್ನಲ್ಲೇ ಮಫ್ಲರ್ ಬದಲಾಯಿಸಿದೀರ. ಇವತ್ತು ನಾನು ಅದಕ್ಕೆ ಗಾಳಿ ಊದಿ ನೋಡ್ದೆ. ಸೋಪಿನ ಗುಳ್ಳೆ ಇಷ್ಟು ದಪ್ಪ ಬಂತು."

ಅವನ ಮುಖದ ಬಣ್ಣ ಇಳಿಯಿತು. "ಸಾಧ್ಯ ಇಲ್ರೀ. ಹೊಸಾ ಮಫ್ಲರ್ ಅದ. ನಂಬರ್ ನೋಡ್ರಿ ಬೇಕಾರ. ಮುಚ್ಚಳ ತಗದ ನೋಡ್ರಿ."

"ತೆಗೆಯೋ ಹಾಗಿಲ್ಲ. ತೆಗೆಯೋ ಅಗತ್ಯನೂ ಇಲ್ಲ." ಫೋನಿನಲ್ಲಿ ಬೆಳಗ್ಗೆ ತೆಗೆದ ಚಿತ್ರವನ್ನು ಅವನ ಮೂಗಿನ ಮುಂದೆ ಹಿಡಿದೆ. "ಇದೇನು ಹೇಳಿ?"

ಶ್ರೀಶೈಲ್ ನೋಡಿದ. ಚಿತ್ರ ದೊಡ್ಡದು ಮಾಡಿಕೊಂಡು ಮತ್ತೆ ನೋಡಿದ. ಅವನ ಕಣ್ಣು ತಟ್ಟನೆ ಅಡುಗೆಮನೆಯ ಕಡೆ ಹೊರಳಿತು.

"ಮೇಡಂ, ಸ್ವಲ್ಪ ಸಣ್ಣ ದನೀಲೆ ಮಾತಾಡ್ರಿ."

"ಯಾಕೆ?"

"ಅವ್ವ ಒಳಗದಾಳ."

ನನಗೆ ಅಷ್ಟು ಸಾಕಾಯಿತು. ಕಳ್ಳ ಸಿಕ್ಕಿಬಿದ್ದಾಗ ಮೊದಲು ದನಿ ತಗ್ಗಿಸುತ್ತಾನೆ, ಇಷ್ಟು ವರ್ಷದಲ್ಲಿ ಅದೆಷ್ಟು ಸಲ ನೋಡಿಲ್ಲ! ನಾನು ಬೇಕೆಂದೇ ದನಿ ಏರಿಸಿದೆ.

"ಕೇಳಿಸ್ಕೊಳ್ಳಲಿ ಬಿಡಿ. ಆಯುಧಪೂಜೆ ದಿನ ಅವರ ಕೈಯಾರೆ ಹಚ್ಚಿದ ವಿಭೂತಿ ಇದು. ಸ್ಕ್ರೂ ಸೀಳಲ್ಲಿ ಹಾಗೇ ಕೂತಿದೆ. ಮುಚ್ಚಳ ಬಿಚ್ಚಿದ್ರೆ ಇದು ಹೇಗೆ ಉಳೀತು? ನಿಮ್ಮ ಗೆಳೆಯ ಮೂರು ದಿನದಿಂದ ಸಾವು ಬದುಕಿನ ಮಧ್ಯೆ ಇದಾನೆ. ಅವನೇ ಸಾಯೋಕೆ ಹೋಗಿದ್ದ ಅಂತ ಬರೀತಿದಾರೆ. ನೀವು ಸುಮ್ನೆ ಕೂತಿದೀರ!"

"ಹಂಗಲ್ರೀ..."

"ಮತ್ತೆ ಹೇಗೆ?"

ಅವನು ಮತ್ತೆ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಏಲಕ್ಕಿ ಜಜ್ಜುವ ಸದ್ದು ನಿಂತಿತ್ತು. ಅವನು ನನ್ನ ಹತ್ತಿರ ಬಂದು, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗನ ಹಾಗೆ ಪಿಸುಗುಟ್ಟಿದ.

"ಆ ವಿಭೂತಿ ಅಲ್ಲಿರಾಕ ಸಾಧ್ಯನs ಇಲ್ರೀ. ನಾ ಒರಸೀನಿ."

"ಏನು?"

"ಡಿಸೆಂಬರ್‌ದಾಗ ನಾನs ಒರಸಿದೆ. ಎಂಜಿನ್ ಎಲ್ಲಾ ತೊಳದ್ರನs ಸೀಳು ಕಾಣೋದು. ಅವ್ವ ಅಷ್ಟ್ ಭಕ್ತಿಯಿಂದ ಹಚ್ಚಿದ್ಲು, ಹೆಂಗ್ ಹೇಳಬೇಕ್ರಿ ಆಕೀಗೆ? ಹೇಳಿಲ್ಲ. ಅದಕ್ಕs ಸಣ್ಣಕ ಮಾತಾಡ್ರಿ ಅಂದೆ."

ಇಂಥ ಸುಳ್ಳನ್ನು ಯಾರೂ ಕೂತು ಕಟ್ಟುವುದಿಲ್ಲ.

ಅವನು ತನ್ನ ಫೋನ್ ತೆಗೆದ. ಚಿತ್ರ ಹುಡುಕಲು ಎರಡು ನಿಮಿಷ ಹಿಡಿಯಿತು. ಡಿಸೆಂಬರ್ ಆರರ ಚಿತ್ರಗಳು. ಮೊದಲನೆಯದು ಸೀಳಿದ ಹಳೆಯ ಮಫ್ಲರ್, ಅದಕ್ಕೆ ಕಟ್ಟಿದ ಕೆಂಪು ಚೀಟಿ. ಆಮೇಲೆ ಹೊಸ ಮಫ್ಲರ್ ಎಂಜಿನ್ನಿಗೆ ಕೂತಿದ್ದು, ನಂಬರ್ ಸ್ಪಷ್ಟವಾಗಿತ್ತು. ಕೊನೆಗೆ ಮುಚ್ಚಳ ಮುಚ್ಚಿದ ಮೇಲೆ ತೆಗೆದದ್ದು. ತಗಡು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ವಿಭೂತಿಯೂ ಇಲ್ಲ, ಕುಂಕುಮವೂ ಇಲ್ಲ.

ಈಗ ಕೂತೆ.

"ಒರಸಿದ್ಯೇನೋ?"

ಸುಶೀಲಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಚಹಾದ ತಟ್ಟೆ.

"ಅವ್ವಾ, ತೊಳೀಲಾರ್ದ ನೋಡಾಕ ಬರೂದಿಲ್ಲವ್ವಾ..."

"ತೊಳಿ, ಬ್ಯಾಡಂದವರ್ಯಾರು? ನನಗ ಒಂದ್ ಮಾತ ಹೇಳಬೇಕಿತ್ತಿಲ್ಲೋ?" ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು. ಅವರಿಗೆ ನಿಜವಾಗಿಯೂ ನೋವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಏನೋ ಹೊಳೆದವರಂತೆ ತಲೆಯಾಡಿಸಿದರು. "ಹಂಗಾರ ಆಕಿ ಹೇಳಿದ್ದು ಖರೇನs ಅದ. ಅದಕ್ಕs ಮತ್ತೊಮ್ಮೆ ಹಚ್ಚಿಸಿದ್ಲು ನೋಡ್ರಿ."

ನನ್ನ ಕೈ ಚಹಾದ ಕಪ್ಪಿನ ಮೇಲೆಯೇ ನಿಂತಿತು. "ಯಾರು ಹಚ್ಚಿಸಿದ್ರು?"

"ಅನನ್ಯಾರಿ. ಸಂಕ್ರಾಂತಿಗೆ ಮೆಕಿನ್ನಿಗೆ ನಮ್ಮನಿಗೆ ಬರ್ರಿ ಅಂತ ನನ್ನ ಕರಕೊಂಡ ಹೋಗಿದ್ಲಲ್ರಿ, ಎರಡ ದಿನ ಅಲ್ಲೇ ಇದ್ದೆ. ಎಳ್ಳು ಬೆಲ್ಲ ಮುಗಿಸಿ ವಿಮಾನ ಇಡೂ ಜಾಗಾಕ್ಕ ಕರಕೊಂಡ ಹೋದ್ಲು. ಎಂಜಿನ್ನಿಗೆ ಹೊಸಾ ಸಾಮಾನ ಹಾಕ್ಯಾರ, ಪೂಜಿ ಆಗಿಲ್ಲ, ನಿಮ್ಮ ಕೈಲೇನs ಆಗ್ಲಿ ಅಂದ್ಲು."

"ಪ್ರಭಂಜನ ಇದ್ನಾ ಅಲ್ಲಿ?"

"ಇಲ್ರೀ, ಅಂವ ಆಫೀಸಿಗೆ ಹೋಗಿದ್ದ. ನಾವಿಬ್ಬರs."

"ಬಾನೆಟ್ ಬಿಚ್ಚಿದ್ದು ಯಾರು?"

"ನಾ ಕಾರಿನ್ಯಾಗ ಬಾಳೊತ್ತು ಕುಂತಿದ್ದೆರಿ. ಥಂಡಿ ಅದ, ಎಲ್ಲಾ ರೆಡಿ ಮಾಡಿ ಕರೀತೀನಿ ಅಂದಿದ್ಲು. ಒಂದ್ ನಿದ್ದಿನs ಆತು ನಂದು. ಒಳಗ ಹೋಗೂದ್ರಾಗ ಎಲ್ಲಾ ಬಿಚ್ಚಿಟ್ಟಿದ್ಲು. ಹಬ್ಬದ ದಿನ ಆ ಹುಡುಗಿ ಕೈಯೆಲ್ಲಾ ಮಸಿ! ನಾನs ನೀರ ಹಾಕಿ ತೊಳಸಿದೆ."

ಶ್ರೀಶೈಲ್ ಗೋಡೆ ಹಿಡಿದುಕೊಂಡಿದ್ದ.

"ಸ್ಕ್ರೂ ಮೇಲೂ ಹಚ್ಚಿ ಅಂದ್ಲಾ, ಸುಶೀಲಮ್ಮ?"

"ಹೂಂ ರೀ. ಇಲ್ಲೂ ಹಚ್ಚ್ರಿ ಅಮ್ಮ, ಒಂಚೂರು ಜಾಸ್ತಿನೇ ಹಚ್ಚ್ರಿ ಅಂದ್ಲು. ಈ ಕಾಲದ ಹುಡುಗೀರಿಗೆ ಇಷ್ಟ್ ಭಕ್ತಿ ಎಲ್ಲಿ ಬರ್ತದ್ರಿ? ನನಗಂತೂ ಕಣ್ಣಾಗ ನೀರು ಬಂತು." ಅವರು ನಮ್ಮಿಬ್ಬರ ಮುಖ ನೋಡಿದರು. "ಯಾಕ್ರಿ? ಹಚ್ಚಬಾರದಿತ್ತೇನ್ರಿ?"

ನಾನು ಮಗನ ಕಡೆ ತಿರುಗಿದೆ. "ಶ್ರೀಶೈಲ್, ಆ ಹಳೇ ಮಫ್ಲರ್ ಏನ್ ಮಾಡಿದ್ರಿ?"

"ಹ್ಯಾಂಗರ್ ಮೂಲ್ಯಾಗ ಇಟ್ಟಿದ್ದೆ." ಅವನ ದನಿ ಒಡೆಯಿತು. "ಬಿಸಾಕಬೇಕಾಗಿತ್ರಿ. ಅವತ್ತs ಬಿಸಾಕಬೇಕಾಗಿತ್ತು."

ದಾರಿಯುದ್ದಕ್ಕೂ ಚುಚ್ಚುತ್ತಿದ್ದುದು ಏನೆಂದು ಈಗ ಗೊತ್ತಾಯಿತು. ಹಸಿವಲ್ಲ, ಕುಂಕುಮ. ಬೆಳಗ್ಗೆ ಆ ಬೊಟ್ಟು ಕೆಂಪಗಿತ್ತು. ಎಂಜಿನ್ನಿನ ಕಾವಿಗೆ ಮೂರು ತಿಂಗಳು ಸಿಕ್ಕ ಕುಂಕುಮ ಕೆಂಪಗಿರುತ್ತದೆಯೇ? ಒಗ್ಗರಣೆಯಲ್ಲಿ ಅರಿಶಿನ ಸೀದರೆ ಏನಾಗುತ್ತದೆಂದು ಸಣ್ಣ ಮಕ್ಕಳಿಗೂ ಗೊತ್ತು. ಇಪ್ಪತ್ತು ವರ್ಷ ಎಂಜಿನ್ ನೋಡಿದ ನನಗೆ ಗೊತ್ತಾಗಲಿಲ್ಲ. ಮೊಹರು ಸಿಕ್ಕಿತೆಂಬ ಖುಷಿಯಲ್ಲಿ ಮೊಹರು ಹಾಕಿದ ದಿನ ಯಾವುದೆಂದು ನೋಡದೆ ಹೋದೆ.

ಆ ಫೋಟೋವನ್ನು ನಾನು ಕೇಳಿರಲೇ ಇಲ್ಲ. ಅವಳೇ ಕಳಿಸಿದ್ದಳು. ಬೆಳಗ್ಗೆ ಫೋನಿನಲ್ಲಿ ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಶ್ರೀಶೈಲ್ ಎಂದವಳೂ ಅವಳೇ.

ಸುಶೀಲಮ್ಮ ಕಾರಿನಲ್ಲಿ ನಿದ್ದೆ ಮಾಡುತ್ತಿದ್ದಾಗ ಹೊಸ ಮಫ್ಲರ್ ಬಿಚ್ಚಿ ಆ ಸೀಳಿದ್ದನ್ನೇ ಮತ್ತೆ ಕೂರಿಸಿದ್ದಳು. ಗೆಳೆಯನ ಅಸಡ್ಡೆಯಿಂದಾದ ಅಪಘಾತ ಎಂದು ಕಾಣಬೇಕಿತ್ತು. ಷೆರಿಫ್ ಕಚೇರಿ ಬ್ಯಾಟರಿ ನೋಡಿ ಬೇರೆ ದಾರಿ ಹಿಡಿದಾಗ, ಅದನ್ನು ಮತ್ತೆ ಶ್ರೀಶೈಲ್ ಕಡೆಗೆ ಎಳೆದು ತರಲು ಒಬ್ಬರು ಬೇಕಾಗಿತ್ತು. ಎಂಜಿನ್ ಬಲ್ಲವರು, ವಿಭೂತಿಯನ್ನೂ ಬಲ್ಲವರು. ಮೂಗುದಾರ ಹಿಡಿದು ನಡೆಸಿದ ಹಾಗೆ ಅವಳು ನನ್ನನ್ನು ಇಲ್ಲಿಯ ತನಕ ನಡೆಸಿದ್ದಳು. ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಯಾಕೆ ಹೀಗೆ ಮಾಡಿದಳೆಂದು ನನಗೆ ಗೊತ್ತಿರಲಿಲ್ಲ. ಪ್ರಭಂಜನ ಎಲ್ಲಿದ್ದಾನೆಂದು ಗೊತ್ತಿತ್ತು, ಅವನ ಪಕ್ಕ ಮೂರು ದಿನದಿಂದ ಕದಲದೆ ಕೂತಿರುವವರು ಯಾರೆಂದೂ ಗೊತ್ತಿತ್ತು.

"ಶ್ರೀಶೈಲ್, ನಿಮ್ಮ ಫೋನಿಂದ ಷೆರಿಫ್ ಆಫೀಸಿಗೆ ಫೋನ್ ಹಚ್ಚಿ. ಈಗಲೇ," ಎಂದೆ.

ಅವನು ನಂಬರ್ ಒತ್ತುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅನನ್ಯಾ.

ಮೂರು ರಿಂಗ್ ಬಿಟ್ಟು ಎತ್ತಿದೆ. ಶ್ರೀಶೈಲ್‌ಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ.

"ಆಂಟಿ, ಅವರು ಕಣ್ಣು ಬಿಟ್ರು!" ಅವಳು ಅಳುತ್ತಿದ್ದಳು, ನಗುತ್ತಿದ್ದಳು. ಆ ಸಂತೋಷ ನಿಜವೋ ಸುಳ್ಳೋ ಎಂದು ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ.

"ಮಾತಾಡಿದ್ನಾ?"

"ತೊದಲ್ತಾರೆ. ಅಲಾರಂ ಬ್ಯಾಟರಿ ಯಾಕೆ ತೆಗೆದ್ರಿ ಅಂತ ಕೇಳ್ದೆ. ಪೂಜೆ ಮುಗಿದ ತಕ್ಷಣ ವಾಪಸ್ ಹಾಕಿದ್ದೆನಲ್ಲ ಅಂತಾರೆ. ನೆನಪು ಏರುಪೇರಾಗಿರುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ರು. ಅದಕ್ಕೇ ಹೀಗಂತಾರೆ, ಅಲ್ವಾ ಆಂಟಿ?"

ಅವನು ವಾಪಸ್ ಹಾಕಿದ್ದ ಬ್ಯಾಟರಿಯನ್ನು ಮತ್ತೆ ಕಿತ್ತವಳೂ ಅವಳೇ. "ಈ ಮಾತನ್ನ ಡಾಕ್ಟರಿಗೆ ಹೇಳಿದ್ಯಾ?"

"ಇಲ್ಲ. ಯಾರಿಗೂ ಹೇಳಿಲ್ಲ. ನಿಮಗೇ ಮೊದಲು."

"ಅನನ್ಯಾ, ರೂಮಲ್ಲಿ ಯಾರಿದಾರೆ ಈಗ?"

"ನಾನೊಬ್ಬಳೇ. ನರ್ಸ್ ಊಟಕ್ಕೆ ಹೋದ್ರು." ಅವಳ ಹಿಂದೆ ಆಕ್ಸಿಜನ್ನಿನ ಸಣ್ಣ ಸುಯ್ ಸದ್ದು ಕೇಳುತ್ತಿತ್ತು. "ಯಾಕಾಂಟಿ ನಿಮ್ಮ ದನಿ ಹೀಗಿದೆ? ಶ್ರೀಶೈಲ್ ಇನ್ನೂ ಒಪ್ಕೊಂಡಿಲ್ವಾ?"